ನನ್ನ ಹೊಟ್ಟೆಯೊಳಗಿನ ದಲಾಲರು

ಹೇಳಿದ ದರಕ್ಕೇ ಕೊಳ್ಳಬೇಕಾದ ವಸ್ತು ಈ ಲೋಕದಲ್ಲಿ ಯಾವುದೂ ಇಲ್ಲವೆಂದು ನಾನು ಮೊನ್ನೆಮೊನ್ನೆಯವರೆಗೂ ನಂಬಿದ್ದೆ. ಬದನೆಕಾಯಿಯಿಂದ ಬೋರ್‌ವೆಲ್ಲಿನವರೆಗೆ ಎಲ್ಲಕ್ಕೂ ಹೇಳುವ ದರ ಒಂದು, ಬಿಡುವ ದರ ಒಂದು ಇದ್ದೇ ಇರುತ್ತದೆ. ಅವೆರಡರ ನಡುವಿನ ಇಕ್ಕಟ್ಟಾದ ಜಾಗದಲ್ಲಿಯೇ ನಾನು ಮನೆ ಕಟ್ಟಿದ್ದೇನೆ, ಮಗಳ ಮದುವೆ ಮಾಡಿದ್ದೇನೆ, ಮೋಟಾರ್‌ಸೈಕಲ್ ಕೊಂಡಿದ್ದೇನೆ. ಹಲ್ಲು ಕೀಳಿಸಲು ಹೋದಾಗ, "ಬಾಜೂದ್ದೂ ಅಳ್ಳಾಡಾಕತ್ತೈತ್ರಿ, ಎರಡೂ ಕೂಡಿಸಿ ಒಂದ ಮಾತ ಹೇಳ್ರಿ" ಎಂದವನು ನಾನು. ಒಂದು ಉಪದೇಶವನ್ನು ಇಲ್ಲಿಯೇ ಪುಕ್ಕಟೆಯಾಗಿ ಕೊಟ್ಟುಬಿಡುತ್ತೇನೆ. ಅಂಗಡಿಯಲ್ಲಿ ಯಾವ ಸೀರೆ ಮನಸ್ಸಿಗೆ ಬಂದಿದೆಯೋ ಅದನ್ನು ಕೈಯಿಂದಲೂ ಮುಟ್ಟಬೇಡಿ. ಅದರ ಪಕ್ಕದ್ದನ್ನು ಹೊರಳಿಸಿ ಹೊರಳಿಸಿ ನೋಡಿ. ಎದ್ದು ಚಪ್ಪಲಿ ಮೆಟ್ಟುವಾಗ, ಹೋಗಲಿ ಅದಕ್ಕೆಷ್ಟು ಎಂದು ಬೇಕಾದದ್ದರ ಕಡೆ ಗದ್ದ ತೋರಿಸಿ. ಅಂಗಡಿಯವನು ಕರಗುತ್ತಾನೆ. ಇಷ್ಟೆಲ್ಲ ಬಲ್ಲ ನಾನು ಒಂದೇ ಒಂದು ಅಂಕಿಯ ಮುಂದೆ ಸೋತು ಕುಳಿತೆ. ಆ ಅಂಕಿ ಮಾರುಕಟ್ಟೆಯದಾಗಿರಲಿಲ್ಲ, ನನ್ನ ರಕ್ತದ್ದು.

ಮೊದಲು ನಾನು ಯಾರೆಂದು ಹೇಳಬೇಕು. ಹೆಸರು ಅಪ್ಪಾಸಾಹೇಬ. ಸಾಹೇಬ ಎಂಬುದು ಹೆಸರಿನಲ್ಲಿಯೇ ಬಂದದ್ದು, ಅದಕ್ಕಾಗಿ ನಾನೇನೂ ಕಷ್ಟಪಡಲಿಲ್ಲ, ಮಿಕ್ಕದ್ದಕ್ಕೆಲ್ಲ ಪಟ್ಟಿದ್ದೇನೆ. ಮೀಸೆ ಮೂಡುವ ಮೊದಲೇ ಕುಡಚಿ ಸ್ಟೇಶನ್ನಿನಲ್ಲಿ ಬುಟ್ಟಿ ಹೊತ್ತು ರೈಲಿನ ಕಿಟಕಿಗಳಿಗೆ ದ್ರಾಕ್ಷಿ ಮಾರಿದೆ. ರೈಲು ನಿಂತಾಗ ಗಿರಾಕಿ ಬಿಗಿಯಾಗಿರುತ್ತಾನೆ, ಸೀಟಿ ಊದಿದೊಡನೆ ಸಡಿಲಾಗುತ್ತಾನೆ ಎಂಬುದು ನನ್ನ ಮೊದಲ ಪಾಠ. ಆಮೇಲೆ ದನದ ಸಂತೆಯಲ್ಲಿ ಒಬ್ಬ ಹಿರಿಯ ದಲಾಲರ ಹಿಂದೆ ತಿರುಗಿ ಟಾವೆಲ್ಲಿನ ಕೆಳಗಿನ ವ್ಯಾಪಾರ ಕಲಿತೆ. ಅದನ್ನು ನೋಡದವರಿಗಾಗಿ ಹೇಳುತ್ತೇನೆ: ಇಬ್ಬರೂ ಕೈಗೆ ಕೈ ಕೊಟ್ಟು ಮೇಲೊಂದು ಟಾವೆಲ್ ಹೊದಿಸಿಕೊಳ್ಳುತ್ತಾರೆ. ಒಳಗೆ ಎಷ್ಟು ಬೆರಳು ಹಿಡಿದು ಒತ್ತಿದರೆ ಅಷ್ಟು ದರ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖಗಳು ಮಾತ್ರ, ಆ ಎರಡೂ ಸುಳ್ಳು ಹೇಳುತ್ತಿರುತ್ತವೆ. ಈಗ ಕಾಗವಾಡದ ಹತ್ತಿರದ ನಮ್ಮೂರಲ್ಲಿದ್ದುಕೊಂಡು ಒಣದ್ರಾಕ್ಷಿಯ ದಲಾಲಿ ಮಾಡುತ್ತೇನೆ. ಒಣದ್ರಾಕ್ಷಿಗೆ ನಮ್ಮ ಗಡಿಯಲ್ಲಿ ಬೇದಾಣಿ ಅನ್ನುತ್ತಾರೆ. ರೈತರ ಶೆಡ್ಡುಗಳಿಗೆ ಹೋಗಿ, ಮಾಲು ನೋಡಿ, ದರ ಕೂಡಿಸಿ, ಸಾಂಗಲಿಯ ವ್ಯಾಪಾರಿಗಳಿಗೆ ಮುಟ್ಟಿಸುವುದು ನನ್ನ ಕೆಲಸ. ದಲಾಲನೆಂದರೆ ಜನಕ್ಕೆ ಅಷ್ಟಕ್ಕಷ್ಟೆ. ರೈತನಿಗೆ ನಾನು ವ್ಯಾಪಾರಿಯ ಕಡೆಯವನು, ವ್ಯಾಪಾರಿಗೆ ರೈತನ ಕಡೆಯವನು. ಇಬ್ಬರಿಗೂ ನನ್ನನ್ನು ಕಂಡರಾಗದು, ಇಬ್ಬರಿಗೂ ನಾನಿಲ್ಲದೆ ನಡೆಯದು.

ಬೇದಾಣಿಯ ವ್ಯಾಪಾರಕ್ಕೆ ಒಂದು ರೀತಿ ಇದೆ. ದಲಾಲ ಬಂದವನು ಬಾಕ್ಸ್ ತೆರೆಸಿ, ಕೈ ಇಳಿಸಿ, ತೆಗೆದದ್ದನ್ನು ಬಾಯಿಗೆ ಹಾಕಿಕೊಳ್ಳಬೇಕು. ರೈತ ಅವನ ಬಾಯಿಯನ್ನೇ ನೋಡುತ್ತಿರುತ್ತಾನೆ. ವರ್ಷವಿಡೀ ಬಳ್ಳಿ ಕತ್ತರಿಸಿದ್ದು, ಔಷಧಿ ಹೊಡೆದದ್ದು, ಹಣ್ಣು ಒಣಹಾಕಿ ಮೋಡ ಕಂಡಾಗ ಎದೆ ಹಿಡಿದುಕೊಂಡು ಕುಳಿತದ್ದು, ಎಲ್ಲ ಆ ಒಂದು ಬಾಯಿಗೆ ಬಂದು ನಿಂತಿರುತ್ತದೆ. ತಿಂದು ತಲೆ ಆಡಿಸಿದರೆ ಆತನಿಗೆ ಜೀವ ಬಂದಂತೆ. ತಿನ್ನದೆ ಬಾಕ್ಸ್ ಮುಚ್ಚಿದರೆ, ಮಾಲು ಬಾಯಿಗಿಡಲೂ ಲಾಯಕ್ಕಿಲ್ಲ ಎಂದು ಎಲ್ಲರೆದುರು ಹೇಳಿದಂತೆ. ಹೀಗಾಗಿ ನಾನು ತಿನ್ನುತ್ತೇನೆ. ಶೆಡ್ಡಿನಿಂದ ಶೆಡ್ಡಿಗೆ ಹೋಗುವಾಗ ದಾರಿಯಲ್ಲಿ ಹೋಲಿಸಿ ನೋಡಲೆಂದು ನೆಹರೂ ಶರ್ಟಿನ ಬಲಗಡೆಯ ಜೇಬಿನಲ್ಲಿ ಒಂದಿಷ್ಟು ಸ್ಯಾಂಪಲ್ ಇಟ್ಟುಕೊಂಡಿರುತ್ತೇನೆ. ಇದು ಕಸುಬು. ಲೋಹಾರ ಕಬ್ಬಿಣ ಮುಟ್ಟಿದ ಹಾಗೆ.

ಹೀಗಿರುವಾಗ ನಮ್ಮೂರ ಶಾಲೆಯಲ್ಲಿ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ರಕ್ತ ಪರೀಕ್ಷೆ ಪುಕ್ಕಟೆ. ಪುಕ್ಕಟೆ ಎಂದಮೇಲೆ ಒಬ್ಬನೇ ಹೋಗುವುದು ನಷ್ಟವೆಂದು ಹೆಂಡತಿ ಸುನಂದಾಳನ್ನೂ ಕರೆದುಕೊಂಡು ಹೋದೆ. "ನನಗೇನಾಗೈತಿ ಅಂತ ಸೂಜಿ ಚುಚ್ಚಿಸಿಕೊಳ್ಳಲಿ?" ಎಂದಳು. "ಏನಾಗಿಲ್ಲ ಅನ್ನೋದನ್ನೂ ಪುಕ್ಕಟೆ ಹೇಳ್ತಾರ, ನಡಿ" ಎಂದೆ. ಅವಳ ರಿಪೋರ್ಟ್ ತೊಳೆದಿಟ್ಟ ತಾಟಿನಂತೆ ಸ್ವಚ್ಛವಾಗಿ ಬಂತು. ನನ್ನದರಲ್ಲಿ ಕೊಲೆಸ್ಟ್ರಾಲಿನ ಅಂಕಿಗೆ ಕೆಂಪು ಗೆರೆ, ಲಿವರಿನ ಸಾಲಿನಲ್ಲಿ ಇನ್ನೂ ಎರಡು ಕೆಂಪು ಗೆರೆ. ಶಿಬಿರದ ಡಾಕ್ಟರು ತರುಣರು, ಪಾಪ, ನನ್ನಂಥವನನ್ನು ಕಂಡಿರಲಿಲ್ಲ. ಮಾಲು ಹಸಿಯಾಗಿದ್ದರೆ ತೂಕದಲ್ಲಿ ತೇವಕ್ಕೆಂದು ಒಂದಿಷ್ಟು ಕಳೆಯುವುದು ನಮ್ಮಲ್ಲಿ ನ್ಯಾಯ. ಅದೇ ನ್ಯಾಯದಿಂದ ಕೇಳಿದೆ: "ಡಾಕ್ಟರ್ ಸಾಹೇಬ್ರ, ಬಿಸಲಾಗ ಬಂದೇನಿ, ನಿನ್ನೆ ಬೀಗರ ಮನ್ಯಾಗ ಹೋಳಿಗಿ ಉಂಡೇನಿ. ಅದಕ್ಕೇನರ ಕಳದು ಒಂದ ಅಂಕಿ ಹೇಳ್ರಲ್ಲ." ಅವರು ನನ್ನ ಮುಖ ನೋಡಿ, ಏನೂ ಕಳೆಯದೆ, ಮಿರಜಿನ ದವಾಖಾನೆಗೆ ಚೀಟಿ ಬರೆದರು.

ನಮ್ಮ ಕಡೆ ದೊಡ್ಡ ಬೇನೆಗಳೆಲ್ಲ ಗಡಿಯಾಚೆಯ ಮಿರಜಿಗೇ ಹೋಗುತ್ತವೆ. ಅಲ್ಲಿ ಹೊಟ್ಟೆಗೆ ತಣ್ಣನೆಯ ಅಂಟು ಸವರಿ ಸ್ಕ್ಯಾನಿಂಗ್ ಮಾಡಿದರು. ಪರದೆ ನೋಡುತ್ತಿದ್ದವನು ಸಹಜವಾಗಿ, ಚಹಾ ಕುಡಿಯುತ್ತೀರಾ ಎಂದು ಕೇಳುವ ಧಾಟಿಯಲ್ಲಿ, ಮರಾಠಿಯಲ್ಲಿ ಕೇಳಿದ: "ಕಾಕಾ, ದಾರೂ ಘೇತಾ ಕಾ?" ದಾರು ಕುಡಿಯುತ್ತೀರಾ ಎಂದು. ನಾನು ಗಾಬರಿಯಾಗಿ ಎದ್ದು ಕೂಡ್ರಲು ಹೋದೆ. "ಜನ್ಮದಾಗ ಮುಟ್ಟಿಲ್ರಿ!" ಎಂದೆ. ಆತ, ಎಲ್ಲರೂ ಹೀಗೇ ಹೇಳುತ್ತಾರೆ ಎಂಬಂತೆ ಮುಗುಳ್ನಕ್ಕು, "ಲಿವರಿಗೆ ಕೊಬ್ಬು ಏರೈತಿ" ಎಂದ. ರಿಪೋರ್ಟ್ ನೋಡಬೇಕಾದ ಡಾಕ್ಟರಮ್ಮ ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದರು. ಅಡ್ಡ ಕಟ್ಟಿದ ಬಟ್ಟೆಯ ಈಚೆ ಸ್ಟೂಲಿನ ಮೇಲೆ ಕುಳಿತಿದ್ದ ಸುನಂದಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊಟ್ಟೆ ಒರೆಸಿಕೊಳ್ಳುತ್ತ ಹೊರಬಂದು ಅವಳ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

ಇಲ್ಲಿ ನನ್ನ ಮಾವನವರ ಬಗ್ಗೆ ಹೇಳದಿದ್ದರೆ ನಿಮಗೆ ಅವಳ ಮೌನ ಅರ್ಥವಾಗದು. ರಾಯಬಾಗ ತಾಲೂಕಿನ ಹಳ್ಳಿಯವರು, ಎತ್ತರದ ಆಳು, ಭಜನೆಗೆ ಕುಳಿತರೆ ದನಿ ಓಣಿ ದಾಟುತ್ತಿತ್ತು. ಆದರೆ ಕುಡಿಯುತ್ತಿದ್ದರು. ಕೊನೆಗೆ ಲಿವರ್ ಹೋಗಿ, ಹೊಟ್ಟೆ ಉಬ್ಬಿ, ಇದೇ ಮಿರಜಿಗೆ ಓಡಾಡಿ ತೀರಿಕೊಂಡರು. ಆ ಓಡಾಟದಲ್ಲಿ ಅವರ ಕೈಹಿಡಿದು ಬಸ್ಸು ಹತ್ತಿಸಿ ಇಳಿಸಿದವಳು ಇವಳು, ಇನ್ನೂ ಲಂಗ ಉಡುವ ವಯಸ್ಸು. "ಇವತ್ತ ಬರೇ ಸೋಡಾ ಕುಡದೇನವಾ, ನಿನ್ನಾಣಿ" ಎನ್ನುತ್ತಿದ್ದರಂತೆ. ಆ ಆಣೆ ಕೇಳಿ ಕೇಳಿ ಆಣೆಯ ಮೇಲಿನ ನಂಬಿಕೆಯೇ ಇವಳಿಗೆ ಹೊರಟುಹೋಗಿತ್ತು. ನಾನು ಕನ್ಯೆ ನೋಡಲು ಹೋದಾಗ ಚಹಾದ ಕಪ್ಪು ಕೊಡುತ್ತ ಎಲ್ಲರೆದುರು ಕೇಳಿದಳು, "ಕುಡಿತೀರೇನು?" ನಾನು "ಇಲ್ಲ" ಎಂದೆ. ಅದೊಂದೇ ಶರತ್ತು. ಅಲ್ಲಿಂದ ಇಲ್ಲಿಯವರೆಗೆ ಅವಳು ಒಂದು ದಿನವೂ ನನ್ನ ಬಾಯಿ ಮೂಸಿರಲಿಲ್ಲ. ದಿನವಿಡೀ ಮುಖದಿಂದ ಸುಳ್ಳು ಹೇಳಿ ಹೊಟ್ಟೆ ಹೊರೆಯುವ ದಲಾಲನಿಗೆ, ತನ್ನ ಮಾತನ್ನು ಪರೀಕ್ಷಿಸದೆ ಒಪ್ಪುವ ಒಬ್ಬ ಗಿರಾಕಿ ಜಗತ್ತಿನಲ್ಲಿದ್ದಾಳೆ ಎಂಬುದು ಎಷ್ಟು ದೊಡ್ಡ ಆಸ್ತಿಯೆಂದು ನನಗೆ ಗೊತ್ತಿತ್ತು. ಲಿವರ್ ಕೆಟ್ಟಿದ್ದಕ್ಕಿಂತ ಆ ನಂಬಿಕೆ ಕೆಡುತ್ತದೆಂಬ ಭಯವೇ ನನಗೆ ಹೆಚ್ಚಾಯಿತು.

ಆ ಒಂದು ವಾರವನ್ನು ನನ್ನ ವೈರಿಗೂ ಬಯಸುವುದಿಲ್ಲ. ಸುನಂದಾ ಜಗಳವಾಡಲಿಲ್ಲ, ಆಡಿದ್ದರೆ ನಾನು ಗೆಲ್ಲುತ್ತಿದ್ದೆ. ಸುಮ್ಮನೆ ಭಕ್ರಿ ಬಡಿದು ಹಾಕಿದಳು, ಸುಮ್ಮನೆ ಪುಂಡಿಪಲ್ಲೆ ಬಡಿಸಿದಳು. ಮನೆಗೆ ಬಂದೊಡನೆ ಟಾವೆಲ್ ಇಸಿದುಕೊಂಡು, ಒಗೆಯಲೆಂಬಂತೆ ಒಳಗೊಯ್ದು, ಮೂಗಿಗೆ ಹಿಡಿಯುವುದು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಮೋಟಾರ್‌ಸೈಕಲ್ಲಿನ ಡಿಕ್ಕಿ ಒರೆಸುವ ಉಮೇದು ಅವಳಿಗೆ ಒಮ್ಮೆಲೇ ಬಂತು. ನಾನು ಚಹಾದ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಹೆಚ್ಚು ಕುಳಿತರೆ ಏನಾದರೊಂದು ನೆಪದಲ್ಲಿ ಫೋನು. ಕೆಮ್ಮಿನ ಔಷಧಿಯ ಬಾಟ್ಲಿ ಕಪಾಟಿನಿಂದ ಮಾಯವಾಯಿತು. ತಡೆಯಲಾರದೆ ಒಂದು ಸಂಜೆ, "ಬೇಕಾದ ದೇವರ ಮ್ಯಾಲ ಆಣಿ ಮಾಡ್ತೀನಿ, ಸುನಂದಾ" ಎಂದೆ. ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ, "ಆಣಿ ಬ್ಯಾಡ್ರಿ. ನಮ್ಮಪ್ಪನೂ ಮಾಡ್ತಿದ್ದ" ಎಂದಳು. ಓದುಗರೇ, ಎರಡನೆಯ ಉಪದೇಶ ತೆಗೆದುಕೊಳ್ಳಿ: ನಿರಪರಾಧಿಯಾದವನು ಮಾತಿಗೆ ಇಳಿಯಬಾರದು. ನಾನು ಒಂದೊಂದು ಮಾತು ಸೇರಿಸಿದಂತೆ ನನ್ನ ದರ ಇಳಿಯುತ್ತ ಹೋಯಿತು.

ವಾರದ ಮೇಲೆ ಡಾಕ್ಟರಮ್ಮನ ಮುಂದೆ ಕುಳಿತೆವು. ಅವರು ಅಥಣಿ ಕಡೆಯ ಹೆಣ್ಣುಮಗಳು, ಅರ್ಧ ಮಾತು ಕನ್ನಡ, ಅರ್ಧ ಮರಾಠಿ, ಪೂರಾ ಸಮಾಧಾನ. ಕಾಗದಗಳನ್ನೆಲ್ಲ ನೋಡಿ, "ಕುಡೀತೀರೇನ್ರಿ?" ಎಂದು ಅವರೂ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸುನಂದಾ, "ನೀವ ಹೇಳ್ರಿ ಬಾಯಾರ. ಕುಡೀದವರಿಗೂ ಹಿಂಗ ಆಕ್ಕೈತೇನು?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹೌದು ಎನ್ನಲಿ ದೇವರೇ ಎಂಬ ಬೇಡಿಕೆ ಇತ್ತು.

"ಆಕ್ಕೈತ್ರಿ, ಭಾಳ ಮಂದಿಗೆ ಆಗಾಕತ್ತೈತಿ" ಎಂದು ಅವರು ಒಂದು ಬಿಳಿ ಹಾಳೆಯ ಮೇಲೆ ಚಿತ್ರ ಬರೆದರು. ಮೇಲೆ ಲಿವರ್, ಕೆಳಗೆ ಕರುಳು. "ಕೊಲೆಸ್ಟ್ರಾಲ್ ಅಂದ್ರ ಬರೇ ಕೆಟ್ಟದ್ದಲ್ರಿ. ಲಿವರ್ ಅದನ್ನ ತಾನ ತಯಾರ ಮಾಡ್ತೈತಿ, ಅದರಿಂದ ಪಿತ್ತ ಮಾಡಿ ಕರುಳಿಗೆ ಕಳಸ್ತೈತಿ. ಜಿಡ್ಡು ಪಚನ ಆಗಾಕ ಪಿತ್ತ ಬೇಕು. ಕೆಲಸ ಮುಗದ ಮ್ಯಾಲ ಅದರಾಗಿನ ಹೆಚ್ಚಿನ ಪಾಲು ವಾಪಸ್ ಲಿವರಿಗೇ ಹೋಗ್ತೈತಿ. ಈ ಹೋಗಿ ಬರೂದರ ನಡುವ, ಕರುಳಿನ್ಯಾಗ ಲೆಕ್ಕ ಇಲ್ಲದಷ್ಟು ಬ್ಯಾಕ್ಟೀರಿಯಾ ಅದಾವು. ಅವು ಪಿತ್ತಕ್ಕ ಕೈ ಹಚ್ಚಿ ಅದರ ರೂಪ ಬದಲ ಮಾಡ್ತಾವು. ಬದಲಾದ ಪಿತ್ತ ನೋಡಿ ಲಿವರಿಗೆ ತಿಳೀತೈತಿ, ಇನ್ನ ಎಷ್ಟು ಮಾಡಬೇಕು, ಎಷ್ಟು ಸಾಕು ಅಂತ."

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಮಾಲು ಹೋಗುತ್ತದೆ, ಮಿಕ್ಕದ್ದು ವಾಪಸು ಬರುತ್ತದೆ, ನಡುವೆ ಒಬ್ಬ ಕೈ ಹಚ್ಚಿ ಮೇಲಿನವನಿಗೆ ಮಾರುಕಟ್ಟೆಯ ಸುದ್ದಿ ಮುಟ್ಟಿಸುತ್ತಾನೆ! "ಅಂದ್ರ ಅವು ದಲಾಲ್ರು ಇದ್ದಂಗರಿ!" ಎಂದೆ.

ಡಾಕ್ಟರಮ್ಮ ನಕ್ಕರು. "ಹಂಗ ಅನ್ರಿ ಬೇಕಾದ್ರ. ಛಲೋ ದಲಾಲ್ರು ಇದ್ರ ಲಿವರಿಗೂ ಸುಖ, ಕರುಳಿಗೂ ಸುಖ. ಅವರಾಗ ಕೆಟ್ಟವರು ಹೆಚ್ಚಾದ್ರ ಸುಳ್ಳ ಸುದ್ದಿ ಮುಟ್ಟಸ್ತಾರ, ಕರುಳಿನ ಹೊಲಸು ಸೋರಿ ಲಿವರಿಗೆ ಹೋಗ್ತೈತಿ, ಅದಕ್ಕ ಬಾವು ಬರ್ತೈತಿ, ಕೊಬ್ಬು ಕೂಡ್ತೈತಿ, ಕೊಲೆಸ್ಟ್ರಾಲಿನ ಲೆಕ್ಕ ತಪ್ಪತೈತಿ." ನನ್ನ ಜೀವಮಾನದಲ್ಲಿ ಕಲಿತವರೊಬ್ಬರ ಬಾಯಿಂದ ದಲಾಲರಿಲ್ಲದೆ ಶರೀರವೂ ನಡೆಯದು ಎಂಬ ಮಾತು ಕೇಳಿದ್ದು ಅದೇ ಮೊದಲು. ಸಂತೋಷದಿಂದ ಸುನಂದಾಳ ಕಡೆ ತಿರುಗಿದೆ. ಅವಳಿಗೆ ನನ್ನ ಸಂತೋಷ ತಟ್ಟಲಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಗೆದ್ದೆನೆಂದೇ ಲೆಕ್ಕ. ಆದರೆ ಡಾಕ್ಟರಮ್ಮ ಪ್ರಾಮಾಣಿಕರು, ಪೂರ್ತಿ ಹೇಳದೆ ಬಿಡರು. "ಇನ್ನೊಂದು ಐತ್ರಿ. ಕೆಲವು ಬ್ಯಾಕ್ಟೀರಿಯಾ ಹೊಟ್ಯಾಗಿನ ಸಕ್ಕರಿ ಕೊಳಿಸಿ ಅಲ್ಲೇ ಒಂದೀಟು ಅಲ್ಕೋಹಾಲ್ ಮಾಡ್ತಾವು. ಅಮಲು ಏರೂವಷ್ಟು ಅಲ್ಲ. ಆದ್ರ ಅದನ್ನ ತೊಳ್ಯೂದು ಲಿವರಿನ ಪಾಲಿಗೇ ಬರ್ತೈತಿ. ನಿಮ್ಮಲ್ಲಿ ಹಂಗ ಆಗೈತಿ ಅಂತ ನಾ ಹೇಳೂದಿಲ್ಲ. ಅದನ್ನ ಇನ್ನೂ ಅಭ್ಯಾಸ ಮಾಡಾಕತ್ತಾರ."

ಸುನಂದಾ ನಿಧಾನವಾಗಿ ನನ್ನ ಹೊಟ್ಟೆಯ ಕಡೆ ಕಣ್ಣು ಇಳಿಸಿದಳು. "ಅಂದ್ರ ಇವರ ಹೊಟ್ಯಾಗ ದಾರೂ ಭಟ್ಟಿ ಐತೇನ್ರಿ?"

"ಏ, ಇರಬೌದು ಅಂದ್ರಷ್ಟ ಅವರು!" ಎಂದು ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ದಾಳಿ ಬಿದ್ದಾಗ ಭಟ್ಟಿಯವನು ಮಡಕೆ ಮುಚ್ಚಿದ ಹಾಗೆ. ಊರಿನ ದಾರು ಅಂಗಡಿ ಮುಚ್ಚಿಸಬೇಕೆಂಬ ಅರ್ಜಿಗೆ ಸಹಿ ಮಾಡಿದವನ ಹೊಟ್ಟೆಯೊಳಗೆ ಪರವಾನಗಿ ಇಲ್ಲದೆ ದಂಧೆ ನಡೆಯುತ್ತಿರಬಹುದು ಎಂಬುದು ನನಗೆ ಆಗಿನವರೆಗೆ ಹೊಳೆದಿರಲಿಲ್ಲ.

"ಸಕ್ಕರಿ ಅಂದೆ ನೋಡ್ರಿ, ಅದ ಮುಖ್ಯ" ಎಂದು ಡಾಕ್ಟರಮ್ಮ ಪೆನ್ನು ಹಿಡಿದರು. "ದಿನಕ್ಕ ಏನೇನ ತಿಂತೀರಿ, ಹೇಳ್ರಿ."

ಈ ವಿಷಯದಲ್ಲಿ ನನಗೆ ಅಳುಕಿರಲಿಲ್ಲ. "ಮುಂಜಾನೆ ಒಂದ ಭಕ್ರಿ, ಪಲ್ಲೆ. ಚಹಾಕ್ಕ ಸಕ್ಕರಿ ಅಳತಿ. ರಾತ್ರಿ ಮತ್ತ ಭಕ್ರಿ, ಒಂದೀಟು ಅನ್ನ, ಮಜ್ಜಿಗಿ. ಮಿಠಾಯಿ ಅಂಗಡಿ ಮೆಟ್ಟಲ ಹತ್ತೂದಿಲ್ರಿ ನಾ, ಅವನ ದರ ನೋಡಿದ್ರ ಬಾಯಿ ಕಹಿ ಆಕ್ಕೈತಿ. ಇಷ್ಟ. ಬೇರೆ ಏನೂ ಇಲ್ಲ." ಸುನಂದಾ ಕೂಡ, "ಊಟ ಅಷ್ಟ ಖರೇನರಿ, ನಾನ ಬಡಸ್ತೀನಿ" ಎಂದು ತಲೆಯಾಡಿಸಿದಳು. ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ನಿರ್ದಿಷ್ಟವಾಗಿ ನನ್ನ ದವಡೆಯನ್ನು.

"ಈಗ ಬಾಯಾಗ ಏನೈತ್ರಿ?"

"ಇದಾ? ಇದು ಸ್ಯಾಂಪಲ್ಲರಿ" ಎಂದೆ. ಒಳ್ಳೆಯ ಮಾತಾಡಿದವರ ಮುಂದೆ ಬರಿಗೈಯಲ್ಲಿ ಕೂಡ್ರುವುದು ಸರಿಯಲ್ಲವೆಂದು ಬಲಗಡೆಯ ಜೇಬಿಗೆ ಕೈ ಹಾಕಿ, ಒಂದು ಮುಷ್ಟಿ ತೆಗೆದು ಅವರ ಮೇಜಿನ ಮೇಲಿನ ಆ ಚಿತ್ರದ ಪಕ್ಕಕ್ಕೇ ಇಟ್ಟೆ. "ತಗೋರಿ ಬಾಯಾರ, ಫಸ್ಟ್ ಕ್ಲಾಸ್ ಮಾಲು. ಹಸರ ನೋಡ್ರಿ, ಹೆಂಗೈತಿ!"

"ಇಂಥಾವು ದಿನಕ್ಕ ಎಷ್ಟ ತಿಂತೀರಿ?"

"ಸೀಜನ್ನಿನ್ಯಾಗ ಹೊತ್ತು ಮುಳುಗೂತನಾ ಅದ ಕೆಲಸ. ಸೀಜನ್ ಮುಗದ ಮ್ಯಾಲ ಸಾಂಗಲಿ ಸ್ಟೋರೇಜಿನ ಮಾಲು ನೋಡೂದು ಇರ್ತೈತಿ." ಇಷ್ಟು ಹೇಳಿ, ಆಕೆಗೆ ವಿಷಯ ತಿಳಿಯಲಿಲ್ಲವೇನೋ ಎಂದು ವಿವರಿಸಿದೆ: "ಇದು ಊಟದಾಗ ಬರೂದಿಲ್ರಿ. ಸ್ಯಾಂಪಲ್ಲಿಗೆ ರೊಕ್ಕ ಇಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗು ತಡೆಯಲಾಗದೆ ಬಂದ ನೀರು. ಆಮೇಲೆ ಹೇಳಿದರು: ಒಣದ್ರಾಕ್ಷಿ ಒಂದಿಷ್ಟು ತಿಂದರೆ ಕೆಟ್ಟದ್ದಲ್ಲ. ಆದರೆ ಅದು ನೀರು ತೆಗೆದಿಟ್ಟ ಸಕ್ಕರೆಯೇ. ದಿನವಿಡೀ ಮುಷ್ಟಿ ಮುಷ್ಟಿಯಾಗಿ ಒಳಗೆ ಹೋದರೆ ಲಿವರ್ ಅದನ್ನು ಕೊಬ್ಬು ಮಾಡಿ ಗೋದಾಮಿಗೆ ತುಂಬುತ್ತದೆ, ಕರುಳಿನಲ್ಲಿ ಕೆಟ್ಟ ದಲಾಲರಿಗೆ ಸುಗ್ಗಿಯಾಗುತ್ತದೆ. ಔಷಧಿಗಿಂತ ಮೊದಲು ಇದು ನಿಲ್ಲಬೇಕು. ನಡೆಯಬೇಕು, ತೂಕ ಇಳಿಸಬೇಕು. ನಾನು ಕೊನೆಯ ಪ್ರಯತ್ನ ಮಾಡಿದೆ. "ಛಲೋ ಬ್ಯಾಕ್ಟೀರಿಯಾ ಎಲ್ಲೆರ ಸಿಗ್ತಾವೇನ್ರಿ? ಹೋಲ್‌ಸೇಲ್ ಆದ್ರ ನಡೀತೈತಿ." ಅವರೆಂದರು, "ಕೊಂಡ ತರೂದ ಬ್ಯಾಡ್ರಿ. ಜೋಳದ ಭಕ್ರಿ, ಕಾಳು, ತಪ್ಪಲ ಪಲ್ಲೆ ಹಾಕ್ರಿ, ಅವು ತಾವ ಬೆಳೀತಾವು." ನನಗೆ ಆಶ್ಚರ್ಯ. ಅಷ್ಟು ಕಡಿಮೆ ಕೂಲಿಗೆ ಇಷ್ಟು ದೊಡ್ಡ ಕೆಲಸ ಮಾಡುವ ದಲಾಲರನ್ನು ನಾನು ಕಂಡಿಲ್ಲ.

ಹೊರಗೆ ಬಂದಮೇಲೆ ಸುನಂದಾ ಮಾತಾಡಿದಳು. "ಖರೇನ ಬೇದಾಣಿಂದನ ಆಗಿರಬೌದೇನ್ರಿ?" ಅದರಲ್ಲಿ ಅರ್ಧ ನಂಬಿಕೆ ಇತ್ತು. ಮಿಕ್ಕರ್ಧ ಅವಳ ಅಪ್ಪ ಒಯ್ದಿದ್ದರು. "ನಾಳಿಂದ ನಾನೂ ನಿಮ್ಮ ಕೂಡ ಶೆಡ್ಡಿಗೆ ಬರ್ತೀನಿ" ಎಂದಳು. ನನ್ನ ಬಾಯಿ ಕಾಯಲಿಕ್ಕೋ, ಜೇಬು ಕಾಯಲಿಕ್ಕೋ, ದಾರಿಯಲ್ಲಿನ ಅಂಗಡಿಗಳನ್ನು ಕಾಯಲಿಕ್ಕೋ ನಾನು ಕೇಳಲಿಲ್ಲ. ಎರಡನೆಯ ಉಪದೇಶ ಆಗಷ್ಟೇ ಕಲಿತಿದ್ದೆ.

ಮರುದಿನ ಅನಂತಪುರದ ಬಾಬು ಕಾಕಾನ ಶೆಡ್ಡಿಗೆ ಹೋದೆವು. ಬಾಬು ಕಾಕಾ ನಮ್ಮ ದೊಡ್ಡಪ್ಪನ ಗೆಳೆಯ, ಹಳೇ ಕಾಲದವನು. ಕೂಲಿ ಹೆಣ್ಣುಮಕ್ಕಳ ಎದುರು ದರ ಬಾಯಿಂದ ಆಡುವುದು ಅವನಿಗೆ ಸೇರದು, ಇನ್ನೂ ಟಾವೆಲ್ ಬೇಕು. ಹೆಂಗಸರು ಸಾಲಾಗಿ ಕುಳಿತು ಬೇದಾಣಿಯೊಳಗಿನ ಕಡ್ಡಿ ಆರಿಸುತ್ತಿದ್ದರು. ಅವನು ಬಾಕ್ಸ್ ತೆರೆದು, ಹೊನ್ನಿನ ಬಣ್ಣದ ಕಾಳು ಬೊಗಸೆಯಲ್ಲಿ ತುಂಬಿ ನನ್ನ ಮುಂದೆ ಹಿಡಿದ. ಜೀವ ಹೋದಂತಾಯಿತು. ಹಿಂದೆ ಸುನಂದಾಳ ಬಳೆಯ ಸದ್ದು ಕೇಳಿಸಿತು. ನಾನು ಕಾಳು ಬೆಳಕಿಗೆ ಹಿಡಿದೆ, ಹಿಚುಕಿದೆ, ಮೂಸಿದೆ. ವಾಪಸ್ ಬಾಕ್ಸಿಗೆ ಹಾಕಿದೆ.

ಬಾಬು ಕಾಕಾನ ಮುಖ ಬಿತ್ತು. "ಯಾಕ ಅಪ್ಪಾಸಾಹೇಬ? ಏನ ಕೆಟ್ಟೈತಿ?"

"ಏನಿಲ್ಲ ಕಾಕಾ, ಮಾಲು ಛಲೋ ಐತಿ."

"ಛಲೋ ಇದ್ರ ಬಾಯಿಗ್ಯಾಕ ಹಾಕಲಿಲ್ಲ? ದರ ಇಳಸಾಕ ಹಿಂಗ ಮಾಡಾಕತ್ತಿ ನೀ. ತಾ ಟಾವೆಲ್." ಟಾವೆಲ್ಲಿನ ಕೆಳಗೆ ಕೈ ಕೊಟ್ಟ. ನಾನು ಏನೂ ಒತ್ತುವ ಮೊದಲೇ ಅವನ ಬೆರಳುಗಳು ತಾವಾಗಿಯೇ ಒಂದೊಂದಾಗಿ ಕಡಿಮೆಯಾಗತೊಡಗಿದವು. ಇಷ್ಟು ವರ್ಷ ಬಾಯಿ ನೋಯುವಂತೆ ವಾದಿಸಿ ಇಳಿಸಿದ್ದ ದರ, ನಾನು ಬಾಯಿ ಮುಚ್ಚಿದ್ದಕ್ಕೇ ಇಳಿಯುತ್ತಿದೆ! ನನ್ನೊಳಗಿನ ವ್ಯಾಪಾರಿ ಕುಣಿದ. ಸುಳ್ಳು ಏಕೆ ಹೇಳಲಿ, ಒಂದು ಕ್ಷಣ ಕುಣಿದ. ಅಷ್ಟರಲ್ಲಿ ಮುದುಕ ಇನ್ನೊಂದು ಬೆರಳನ್ನೂ ಮಡಚುತ್ತಿದ್ದುದು ಗೊತ್ತಾಯಿತು. ಮುಖ ನೋಡಲು ಹೋದೆ, ಆಗಲಿಲ್ಲ. ಏನು ಹೇಳಲಿ ಎಂದು ತಡವರಿಸುವಷ್ಟರಲ್ಲಿ ಸುನಂದಾ ಹಿಂದಿನಿಂದ ದೊಡ್ಡ ದನಿಯಲ್ಲಿ ಹೇಳಿಬಿಟ್ಟಳು: "ಕಾಕಾ, ನಿಮ್ಮ ಮಾಲಿಗೇನೂ ಆಗಿಲ್ರಿ. ಇವರ ಲಿವರ್ ಕೆಟ್ಟೈತಿ. ಅದಕ್ಕ ತಿನ್ನಾಂಗಿಲ್ಲ."

ಕಡ್ಡಿ ಆರಿಸುವ ಕೈಗಳೆಲ್ಲ ನಿಂತವು. ಬಾಬು ಕಾಕಾ ಟಾವೆಲ್ಲಿನಿಂದ ಕೈ ತೆಗೆದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಲಿವರ್? ಲೇ ಅಪ್ಪಾಸಾಹೇಬ, ನೀನೂ ಸುರು ಮಾಡಿದ್ಯಾ? ಇಷ್ಟ ವಯಸ್ಸಾದ ಮ್ಯಾಲ?" ಸಾಲಿನಲ್ಲಿದ್ದ ಒಬ್ಬಳು ಇನ್ನೊಬ್ಬಳ ಕಿವಿಗೆ ಬಾಗಿದಳು. "ನೋಡಾಕ ಎಷ್ಟ ಸಾಧು ಕಾಣ್ತಾನಲ್ಲಬೇ" ಎಂಬುದು ನನಗೂ ಕೇಳಿಸಿತು.

ನಾನು ಮಾತಾಡಿ ಉಪಯೋಗವಿರಲಿಲ್ಲ. ಆದರೆ ಸುನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಅವಳ ಮುಖ ಕೆಂಪಾಗಿತ್ತು. "ಕಾಕಾ, ಹಂಗ ಅನಬ್ಯಾಡ್ರಿ! ಕುಡ್ಯಾವರ ಮನ್ಯಾಗ ಹುಟ್ಟಿ ಬೆಳದಾಕಿ ನಾ. ಅವರು ಹೆಂಗ ನಡೀತಾರ, ಹೆಂಗ ಉಣತಾರ, ಹೆಂಗ ಸುಳ್ಳ ಹೇಳ್ತಾರ, ಎಲ್ಲಾ ಗೊತ್ತೈತಿ ನನಗ. ನನ್ನ ಗಂಡ ದಾರೂ ಮುಟ್ಟಿಲ್ಲ. ನಾ ಹೇಳ್ತೀನಲ್ಲ, ಮುಟ್ಟಿಲ್ಲ! ಪುಕ್ಕಟೆ ಬೇದಾಣಿ ತಿಂದ ತಿಂದ ಲಿವರ್ ಕೆಡಿಸಿಕೊಂಡಾರ, ಹೊಟ್ಯಾಗಿನ ಹುಳ ಕೆಡಿಸಿಕೊಂಡಾರ. ಬೇಕಾದ್ರ ಅದಕ್ಕ ಆಸೆಬುರುಕತನ ಅನ್ರಿ. ಕುಡುಕ ಅನಬ್ಯಾಡ್ರಿ!"

ಅಷ್ಟು ಜನರೆದುರು ನನ್ನನ್ನು ಆಸೆಬುರುಕ ಎಂದದ್ದಕ್ಕೆ ನನಗೆ ಕಣ್ಣಲ್ಲಿ ನೀರು ಬಂತು. ಅಂಥ ಸರ್ಟಿಫಿಕೇಟನ್ನು ಯಾವ ಆಣೆಯಿಂದಲೂ ಪಡೆಯಲಾಗುತ್ತಿರಲಿಲ್ಲ. ಅದನ್ನು ಬಾಯಿಂದ ಆಡಿದ ಮೇಲೆಯೇ ಅವಳಿಗೂ ತಾನು ನಂಬಿದ್ದೇನೆಂದು ಗೊತ್ತಾಯಿತೋ ಏನೋ, ಒಂದು ಗಳಿಗೆ ತಬ್ಬಿಬ್ಬಾಗಿ ನಿಂತಳು. ಆಮೇಲೆ ಬಾಕ್ಸಿಗೆ ಬಾಗಿ, ಒಂದೇ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡಳು. ನಿಧಾನಕ್ಕೆ ಅಗಿದಳು. ಬಾಬು ಕಾಕಾ ಅವಳ ಬಾಯಿ ನೋಡಿದ. ನಾನೂ ನೋಡಿದೆ. "ಸಕ್ಕರಿ ಆಗೈತ್ರಿ ಕಾಕಾ. ಸಿಪ್ಪಿ ತೆಳ್ಳಗ ಐತಿ" ಎಂದಳು. ಮುದುಕನ ಮುಖ ಅರಳಿತು. ಅವಳು ನನ್ನ ಕಡೆ ತಿರುಗಿ, "ರುಚಿ ನೋಡಾಕ ಒಂದ ಕಾಳ ಸಾಕಾಕ್ಕೈತಿ. ನೀವ ಮುಷ್ಟಿ ಯಾಕ ತಿಂತಿದ್ರಿ?" ಎಂದಳು. ಇಷ್ಟು ವರ್ಷಗಳ ಕಸುಬಿನಲ್ಲಿ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಟಾವೆಲ್ಲಿನ ಕೆಳಗೆ ಮತ್ತೆ ಕೈ ಹಾಕಿ, ಕಾಕಾ ಮಡಚಿದ್ದ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಿದೆ. ದರ ಏರಿಸಿದ ದಲಾಲ ಎಂಬ ಸುದ್ದಿ ಹೊರಗೆ ಹೋಗದಿರಲಿ ಎಂದು ಮುಖ ಮಾತ್ರ ಸಿಂಡರಿಸಿಕೊಂಡೇ ಇದ್ದೆ.

ಅಂದಿನಿಂದ ಸುನಂದಾ ನನ್ನ ಬಾಯಿ. ನಾನು ಮೋಟಾರ್‌ಸೈಕಲ್ ಹೊಡೆಯುತ್ತೇನೆ, ಬಣ್ಣ ನೋಡುತ್ತೇನೆ, ಬೆರಳು ಒತ್ತುತ್ತೇನೆ. ಅವಳು ಒಂದು ಕಾಳು ಅಗಿದು ತೀರ್ಪು ಕೊಡುತ್ತಾಳೆ. ರೈತರು ಈಗ, "ಬಾಯಾರ ಬಂದಾರೇನ?" ಎಂದು ಮೊದಲು ಕೇಳುತ್ತಾರೆ, ನನ್ನನ್ನು ಆಮೇಲೆ ಮಾತಾಡಿಸುತ್ತಾರೆ. ಮನೆಯಲ್ಲಿ ಹುರುಳಿ, ಮಡಿಕೆ, ಹೆಸರುಕಾಳು, ಮೆಂತ್ಯದ ತಪ್ಪಲು. ಕಣ್ಣಿಗೆ ಕಾಣದ ಆ ದಲಾಲರಿಗೆ ನಡೆಯುವ ಉಪಚಾರ ಬೀಗರಿಗೂ ನಡೆದಿಲ್ಲ. ಮುಂಜಾನೆ ಕಬ್ಬಿನ ಹೊಲಗಳ ಬದುವಿನ ಮೇಲೆ ನಡೆಯುತ್ತೇನೆ. ಕಬ್ಬಿನ ಕಡೆ ನೋಡದೆ ನಡೆಯುತ್ತೇನೆ.

ಕೆಲವು ತಿಂಗಳ ಮೇಲೆ ಮತ್ತೆ ಮಿರಜಿಗೆ ಹೋದೆವು. ಅಂಕಿ ಇಳಿದಿತ್ತು. ಲಿವರಿನ ಕೊಬ್ಬು ಕೂಡ ಕರಗುವ ದಾರಿ ಹಿಡಿದಿದೆ ಎಂದರು ಡಾಕ್ಟರಮ್ಮ. ನನ್ನ ಬಾಳಿನಲ್ಲಿ ನಾನು ಚೌಕಾಸಿ ಮಾಡದೆ ಇಳಿದ ಅಂಕಿ ಅದೊಂದೇ. "ಇದನ್ನ ಹಿಂಗ ನಡಸ್ರಿ, ಬಿಡಬ್ಯಾಡ್ರಿ" ಎಂದು ಕಳಿಸಿದರು. ದವಾಖಾನೆಯ ಹೊರಗೆ ಪರಿಚಯದ ವ್ಯಾಪಾರಿಯೊಬ್ಬ ಸಿಕ್ಕು, ಹೊಸ ಮಾಲು ನೋಡಿ ಎಂದು ಒಂದಿಷ್ಟು ಕೈಗೆ ಹಾಕಿದ. ಸುನಂದಾ ಚಹಾ ಹೇಳಲು ಆಚೆ ತಿರುಗಿದ್ದಳು. ಇಳಿದ ಅಂಕಿಯ ಖುಷಿಗೆ ಅದನ್ನು ಹಾಗೆಯೇ ಬಲಗಡೆಯ ಜೇಬಿಗೆ ಬಿಟ್ಟುಕೊಂಡೆ. ಬರೀ ಇಟ್ಟುಕೊಂಡಿದ್ದು, ತಿನ್ನಲಿಕ್ಕಲ್ಲ.

ಬಸ್ಸು ಕಾಗವಾಡದ ಕಡೆ ಹೊರಟಿತು. ಕಿಟಕಿಯಲ್ಲಿ ದ್ರಾಕ್ಷಿಯ ಚಪ್ಪರಗಳು ಹಿಂದೆ ಸರಿಯುತ್ತಿದ್ದವು. ಪಕ್ಕದಲ್ಲಿ ಕುಳಿತ ಸುನಂದಾ ಇದ್ದಕ್ಕಿದ್ದಂತೆ ನನ್ನ ಹೆಗಲ ಟಾವೆಲ್ ಎಳೆದು ತೊಡೆಯ ಮೇಲೆ ಹಾಸಿ, ಅದರ ಕೆಳಗೆ ನನ್ನ ಕೈ ಹಿಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ಬಸ್ಸಿನಲ್ಲಿ ಎಂದೂ ಕೈ ಹಿಡಿದವಳಲ್ಲ. ನಾನು ಕಸುಬಿನವನು, ಬೆರಳುಗಳ ಲೆಕ್ಕ ಹಾಕತೊಡಗಿದೆ. ಒಂದೂ ಅಲ್ಲ, ಎರಡೂ ಅಲ್ಲ, ಇಡೀ ಕೈ. ಯಾವ ಸಂತೆಯಲ್ಲೂ ಹೀಗೆ ಒಬ್ಬರೂ ಹಿಡಿದದ್ದಿಲ್ಲ. "ಇದು ಎಷ್ಟರ ಲೆಕ್ಕ?" ಎಂದು ಮೆಲ್ಲಗೆ ಕೇಳಿದೆ.

"ಲೆಕ್ಕ ಏನಿಲ್ರಿ. ಸುಮ್ನ ಹಿಡದೇನಿ" ಎಂದು ಕಿಟಕಿಯ ಹೊರಗೆ ನೋಡಿದಳು.

ಅಪ್ಪನ ಕೈ ಹಿಡಿದು ಇದೇ ದಾರಿಯಲ್ಲಿ ಹೋಗುತ್ತಿದ್ದ ಹುಡುಗಿ ಈಗ ನಿಶ್ಚಿಂತೆಯಿಂದ ನನ್ನ ಕೈ ಹಿಡಿದು ಕುಳಿತಿದ್ದಾಳಲ್ಲ ಎಂದು ಎದೆ ತುಂಬಿ ಬಂತು. ಊರ ಹತ್ತಿರದ ತಿರುವಿನಲ್ಲಿ ಬಸ್ಸು ಅಲುಗಿದಾಗ ಕೈ ಬಿಡಿಸಿಕೊಳ್ಳಲು ಸ್ವಲ್ಪ ಎಳೆದೆ. ಬಿಡಲಿಲ್ಲ. ಮತ್ತೊಮ್ಮೆ ಎಳೆದೆ. ಹಿಡಿತ ಇನ್ನೂ ಬಿಗಿಯಾಯಿತು. ಆಗ ನನಗೆ ಹೊಳೆಯಿತು, ಅವಳು ಹಿಡಿದದ್ದು ಬಲಗೈ, ಜೇಬಿನ ಕಡೆಯದು. ದಾರುವಿನ ವಿಷಯದಲ್ಲಿ ಅವಳು ನನ್ನನ್ನು ಪೂರ್ತಿ ನಂಬಿದ್ದಾಳೆ. ಬೇದಾಣಿಯ ವಿಷಯದಲ್ಲಿ ಇಲ್ಲ.